ಬೋಟಿನ ಸದ್ದು ಇಳಿಸೋಣ, ಕಿವಿ ಉಳಿಸೋಣ

ನಮ್ಮ ರಾತ್ರಿ ಶಾಲೆಗೆ ಒಬ್ಬ ಅಣ್ಣ ಬರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಟ್ರಾಲ್ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ.

ಬೋರ್ಡಿನ ಮೇಲೆ ಬರೆದದ್ದನ್ನು ಅವರು ಚೆನ್ನಾಗಿ ಓದುತ್ತಿದ್ದರು. ಆದರೆ ಉಕ್ತಲೇಖನ ಕೊಟ್ಟರೆ ತಪ್ಪಾಗುತ್ತಿತ್ತು. ನಾನು 'ಸಾಲು' ಅಂದರೆ ಅವರು 'ಹಾಲು' ಎಂದು ಬರೆಯುತ್ತಿದ್ದರು. 'ಸೀರೆ' ಅಂದರೆ 'ಹೀರೆ' ಎಂದು ಬರೆಯುತ್ತಿದ್ದರು. "ಅಣ್ಣಾ, ಸ್ವಲ್ಪ ಗಮನ ಕೊಡಿ" ಎಂದು ನಾನು ಎರಡು ಸಲ ಬೇಸರದಿಂದ ಹೇಳಿದೆ.

ಒಂದು ದಿನ ಅವರೇ ಹೇಳಿದರು. "ಮಾಷ್ಟ್ರೇ, ನೀವು ಮಾತಾಡೂದು ಕೇಳ್ತದೆ. ಆದ್ರೆ ಎಂತ ಹೇಳಿದ್ರಿ ಅಂತ ಗೊತ್ತಾಗೂದಿಲ್ಲ. ಕಿವಿಯಲ್ಲಿ ಯಾವಾಗ್ಲೂ ಗುಂಯ್ ಅಂತ ಇರ್ತದೆ."

ಆಗ ನನಗೆ ತಿಳಿಯಿತು. ಅವರು ಗಮನ ಕೊಡದೆ ಇದ್ದದ್ದಲ್ಲ. ಎಂಜಿನ್ನಿನ ಸದ್ದು ಅವರ ಕಿವಿಯನ್ನು ತಿಂದುಹಾಕಿತ್ತು.

ಕಿವಿ ಹೇಗೆ ಕೆಡುತ್ತದೆ?

ನಮ್ಮ ಕಿವಿಯ ಒಳಗೆ ಕೂದಲಿನಂಥ ಬಹಳ ಸಣ್ಣ ಎಳೆಗಳಿವೆ. ಅವು ಇರುವುದರಿಂದಲೇ ನಮಗೆ ಸದ್ದು ಕೇಳುತ್ತದೆ. ಗದ್ದೆಯ ಬದುವಿನ ಹುಲ್ಲನ್ನು ನೋಡಿ. ಒಮ್ಮೆ ತುಳಿದರೆ ಬಗ್ಗುತ್ತದೆ, ಮತ್ತೆ ಏಳುತ್ತದೆ. ದಿನಾ ತುಳಿದರೆ ಸತ್ತೇ ಹೋಗುತ್ತದೆ. ಕಿವಿಯ ಎಳೆಗಳೂ ಹಾಗೆಯೇ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಔಷಧಿ ಇಲ್ಲ.

ಮೊದಲು ಹೋಗುವುದು ಸಣ್ಣ, ಚೂಪಾದ ದನಿ. 'ಸ', 'ಶ' ಅಕ್ಷರಗಳ ದನಿ ಅಂಥದ್ದು. ಅದಕ್ಕೇ ಆ ಅಣ್ಣನಿಗೆ ಸಾಲು ಹೋಗಿ ಹಾಲು ಆಯಿತು.

ಸದ್ದನ್ನು ಡೆಸಿಬಲ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ನಾವು ಮಾತಾಡುವ ಸದ್ದು ಸುಮಾರು 60 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತಾರೆ ತಿಳಿದವರು. ಸದ್ದು 3 ಡೆಸಿಬಲ್ ಏರಿದರೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ. 91ಕ್ಕೆ 2 ಗಂಟೆ. 100ಕ್ಕೆ ಬರೀ 15 ನಿಮಿಷ. ಬೋಟಿನ ಎಂಜಿನ್ ಕೋಣೆಯಲ್ಲಿ ಸದ್ದು 100 ದಾಟುವುದು ಸಾಮಾನ್ಯ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದಿಂದ ಹೊರಡುವ ದೊಡ್ಡ ಬೋಟುಗಳು ದಿನಗಟ್ಟಲೆ ಕಡಲಿನಲ್ಲೇ ಇರುತ್ತವೆ. ಊಟ, ನಿದ್ದೆ ಎಲ್ಲ ಆ ಸದ್ದಿನ ಪಕ್ಕದಲ್ಲೇ.

ಅಳೆಯುವ ಯಂತ್ರ ನಮ್ಮ ಹತ್ತಿರ ಇಲ್ಲ. ಆದರೆ ಒಂದು ಸುಲಭ ಉಪಾಯ ಇದೆ. ಒಂದು ಕೈಯಷ್ಟು ದೂರದಲ್ಲಿ ನಿಂತವರ ಜೊತೆ ಮಾತಾಡಿ. ಕೂಗಿ ಹೇಳಬೇಕಾಗಿ ಬಂದರೆ, ಆ ಸದ್ದು ಕಿವಿಗೆ ಅಪಾಯ.

ಕಿವಿಯ ಜೊತೆ ಜೀವಕ್ಕೂ ಅಪಾಯವಿದೆ. ವಿಂಚ್ ತಿರುಗುವಾಗ "ನಿಲ್ಸಿ" ಎಂದು ಕೂಗಿದ್ದು ಕೇಳದಿದ್ದರೆ ಕೈ ಹೋಗುತ್ತದೆ. ಹಡಗಿನ ಹಾರ್ನ್ ಕೇಳಬೇಕು. ವಯರ್‌ಲೆಸ್ಸಿನಲ್ಲಿ ಬರುವ ಗಾಳಿ ಮಳೆಯ ಸುದ್ದಿ ಕೇಳಬೇಕು.

ಎಂಜಿನ್ ಯಾಕೆ ಇಷ್ಟು ಕೂಗುತ್ತದೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಹಳ ಒತ್ತಿ ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಸಿಂಪಡಿಸಿದ ಕೂಡಲೇ ಅದು ಭಗ್ ಎಂದು ಉರಿಯುತ್ತದೆ. ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ನಿಮಿಷಕ್ಕೆ 4500 ಸಲ ಹೀಗೆ ಉರಿಯುತ್ತದೆ. ಒಂದೊಂದು ಉರಿಯೂ ಒಂದೊಂದು ಪೆಟ್ಟು.

ಈ ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಗಾಳಿಯ ದಾರಿ. ಇನ್ನೊಂದು, ಮರ ಮತ್ತು ಕಬ್ಬಿಣದ ದಾರಿ. ಇದನ್ನು ನೀವೇ ನೋಡಬಹುದು. ಬೆಂಚಿನ ಒಂದು ತುದಿಗೆ ಕಿವಿ ಇಡಿ. ಇನ್ನೊಂದು ತುದಿಯನ್ನು ಉಗುರಿನಿಂದ ಕೆರೆಯಲು ಹೇಳಿ. ಎಷ್ಟು ಜೋರಾಗಿ ಕೇಳುತ್ತದೆ! ಎಂಜಿನ್ನಿನ ನಡುಕವೂ ಹೀಗೇ ಇಡೀ ಬೋಟಿಗೆ ಹರಿಯುತ್ತದೆ. ಎರಡು ದಾರಿಯನ್ನೂ ಕಟ್ಟಬೇಕು.

ಏನು ಮಾಡಬಹುದು?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ರಿಪೇರಿ ಮಾಡುವುದೂ ಆಗಲೇ. ಈ ಕೆಲಸಕ್ಕೂ ಅದೇ ಒಳ್ಳೆಯ ಸಮಯ.

ಮೊದಲನೆಯದು, ಎಂಜಿನ್ ಸರಿ ಇಡುವುದು. ಸಡಿಲವಾದ ಬೋಲ್ಟು ಬಿಗಿ ಮಾಡಿ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೋರಿಸಿ. ಎಂಜಿನ್ನೂ ಶಾಫ್ಟೂ ಒಂದೇ ನೇರಕ್ಕೆ ಇವೆಯೇ ನೋಡಿಸಿ. ಪ್ರೊಪೆಲ್ಲರಿನ ಎಲೆ ಬಗ್ಗಿದ್ದರೆ ಸರಿ ಮಾಡಿಸಿ. ಇದಕ್ಕೆ ಖರ್ಚು ಕಡಿಮೆ. ಸದ್ದೂ ನಡುಕವೂ ಇಳಿಯುತ್ತದೆ.

ಎರಡನೆಯದು, ಹೊಗೆ ಕೊಳವೆ. ಸೈಲೆನ್ಸರ್ ತೂತಾಗಿದ್ದರೆ ಬದಲಿಸಿ. ಕೊಳವೆಯ ಬಾಯಿ ಜನ ಕೂರುವ, ಮಲಗುವ ಜಾಗದಿಂದ ದೂರ ಇರಲಿ. ಕೊಳವೆ ಸೇರುವ ಕಡೆ ಹೊಗೆ ಸೋರಬಾರದು. ಆ ಹೊಗೆಯಲ್ಲಿ ವಿಷಗಾಳಿ ಇದೆ. ಅದಕ್ಕೆ ವಾಸನೆ ಇಲ್ಲ. ಮಲಗಿದವರ ಜೀವ ತೆಗೆಯಬಲ್ಲದು.

ಮೂರನೆಯದು, ಎಂಜಿನ್ನಿನ ಕಾಲಿಗೆ ರಬ್ಬರ್. ಎಂಜಿನ್ ನೇರವಾಗಿ ಮರದ ಮೇಲೆ ಕೂತರೆ ನಡುಕ ಬೋಟಿಗೆ ಇಳಿಯುತ್ತದೆ. ನಡುವೆ ರಬ್ಬರ್ ಮೌಂಟಿಂಗ್ ಇದ್ದರೆ ತಡೆಯುತ್ತದೆ. ಆದರೆ ಸಿಕ್ಕಿದ ರಬ್ಬರ್ ಇಡಬೇಡಿ. ಹಳೇ ಟಯರು ಕತ್ತರಿಸಿ ಇಟ್ಟರೆ ಆಗದು. ಎಂಜಿನ್ನಿನ ಭಾರಕ್ಕೆ ತಕ್ಕದ್ದು ಬೇಕು. ಆಗ ಎಂಜಿನ್ ಸ್ವಲ್ಪ ಅಲುಗುತ್ತದೆ. ಹಾಗಾಗಿ ಡೀಸೆಲ್ ಕೊಳವೆ, ಹೊಗೆ ಕೊಳವೆಗಳಲ್ಲಿ ಬಳುಕುವ ತುಂಡು ಹಾಕಿಸಬೇಕು. ಇಲ್ಲದಿದ್ದರೆ ಕೊಳವೆ ಬಿರಿಯುತ್ತದೆ. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

ನಾಲ್ಕನೆಯದು, ಎಂಜಿನ್ ಕೋಣೆಯ ಗೋಡೆ. ಸದ್ದು ತಡೆಯಲು ಭಾರವಾದ ಗೋಡೆ ಬೇಕು. ದಪ್ಪ ಪ್ಲೈವುಡ್ ಆಗುತ್ತದೆ. ಸದ್ದು ಹೀರಲು ಮೆತ್ತನೆಯ ಹಾಸು ಬೇಕು. ಗೋಡೆಯ ಒಳಬದಿಗೆ ರಾಕ್‌ವೂಲ್ ಹಾಸು ಹಾಕಿ, ಮೇಲೆ ತೂತು ತೂತಿನ ತಗಡು ಹೊಡೆಸಿ. ರಾಕ್‌ವೂಲಿಗೆ ಬೆಂಕಿ ಹಿಡಿಯುವುದಿಲ್ಲ. ಆದರೆ ಅದು ಎಣ್ಣೆ ಕುಡಿಯದಂತೆ ನೋಡಿಕೊಳ್ಳಿ.

ಸಂದುಗಳನ್ನು ಮುಚ್ಚುವುದು ಮುಖ್ಯ. ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು. ಗೋಡೆ ಎಷ್ಟೇ ದಪ್ಪ ಇರಲಿ, ಸದ್ದು 20 ಡೆಸಿಬಲ್ಲಿಗಿಂತ ಹೆಚ್ಚು ಇಳಿಯುವುದಿಲ್ಲ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿ.

ಎರಡು ಎಚ್ಚರಿಕೆ ಇದೆ. ಥರ್ಮಾಕೋಲ್, ಹಾಸಿಗೆಯ ಫೋಮ್ ಹಾಕಲೇಬೇಡಿ. ಅವು ಬೇಗ ಬೆಂಕಿ ಹಿಡಿಯುತ್ತವೆ, ವಿಷದ ಹೊಗೆ ಬಿಡುತ್ತವೆ. ಕಡಲಿನ ನಡುವೆ ಓಡುವುದು ಎಲ್ಲಿಗೆ? ಇನ್ನೊಂದು, ಎಂಜಿನ್ನಿಗೆ ಗಾಳಿ ಬೇಕು. ಗಾಳಿಯ ದಾರಿ ಮುಚ್ಚಬೇಡಿ. ಆ ದಾರಿಯನ್ನು ಒಂದೆರಡು ಕಡೆ ತಿರುವಿ, ಒಳಗೆ ಹಾಸು ಹಾಕಿಸಿ. ಗಾಳಿ ತಿರುಗಿ ಒಳಗೆ ಹೋಗುತ್ತದೆ. ಸದ್ದು ತಿರುವಿನಲ್ಲೇ ಸೋಲುತ್ತದೆ.

ಐದನೆಯದು, ವೇಗ. ಬಂದರಿಗೆ ಬರುವಾಗ, ಹೋಗುವಾಗ ಎಂಜಿನ್ನನ್ನು ಪೂರ್ತಿ ಎಳೆಯಬೇಡಿ. ಸ್ವಲ್ಪ ಇಳಿಸಿದರೆ ಸದ್ದೂ ಇಳಿಯುತ್ತದೆ, ಡೀಸೆಲೂ ಉಳಿಯುತ್ತದೆ.

ಕೊನೆಯದು, ಕಿವಿಯ ರಕ್ಷಣೆ. ಎಂಜಿನ್ ಕೋಣೆಗೆ ಇಳಿಯುವವರು ಕಿವಿಗೆ ಇಯರ್ ಪ್ಲಗ್ ಹಾಕಲಿ, ಇಲ್ಲವೇ ಕಿವಿ ಮುಚ್ಚುವ ಮಫ್ ಹಾಕಲಿ. ಹತ್ತಿ ತುರುಕಿದರೆ ಸಾಲದು. ಪ್ಲಗ್ ಹಾಕುವ ಮೊದಲು ಕೈ ತೊಳೆಯಿರಿ. ಡೆಕ್ಕಿನಲ್ಲಿ ಕೆಲಸ ಮಾಡುವವರು ಕೈಸನ್ನೆಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಎಂಜಿನ್ ಕೆಲಸಕ್ಕೆ ಒಬ್ಬರೇ ಬೇಡ. ಪಾಳಿ ಮಾಡಿ.

ಆ ಅಣ್ಣ ಏನು ಮಾಡಿದರು?

ಇದನ್ನೆಲ್ಲ ನಾವು ರಾತ್ರಿ ಶಾಲೆಯಲ್ಲಿ ಕೂತು ಮಾತಾಡಿದೆವು. ಆ ಅಣ್ಣ ಜಿಲ್ಲಾ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿದರು. ಕೇಳದೆ ಹೋದದ್ದು ಮತ್ತೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು.

ಮಳೆಗಾಲದಲ್ಲಿ ಅವರು ಬೋಟಿನ ಮಾಲಕರ ಹತ್ತಿರ ಮಾತಾಡಿದರು. ಮಾಲಕರು ಮೊದಲು ಒಪ್ಪಲಿಲ್ಲ. "ಸದ್ದಿಲ್ಲದ ಎಂಜಿನ್ ಉಂಟಾ?" ಎಂದು ನಕ್ಕರು. ಆದರೂ ಸೈಲೆನ್ಸರ್ ಬದಲಾಯಿತು. ಬೋಲ್ಟು ಬಿಗಿಯಾಯಿತು. ಬಾಗಿಲಿಗೆ ರಬ್ಬರ್ ಪಟ್ಟಿ ಬಂತು. ಮೌಂಟಿಂಗ್ ಬರುವ ವರ್ಷ ನೋಡುವ ಎಂದಿದ್ದಾರೆ.

"ನನ್ನ ಕಿವಿ ಹೋಯ್ತು ಮಾಷ್ಟ್ರೇ. ಅದೇ ಬೋಟಿಗೆ ಈಗ ಮಗ ಬರ್ತಾನೆ. ಅವನದ್ದು ಉಳೀಬೇಕಲ್ಲ" ಎಂದರು ಅಣ್ಣ.

ಈಗ ಅವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಾನು ಅವರ ಕಡೆ ಮುಖ ಮಾಡಿ ನಿಧಾನವಾಗಿ ಹೇಳುತ್ತೇನೆ. ಅವರು ನನ್ನ ತುಟಿ ನೋಡಿ ಬರೆಯುತ್ತಾರೆ. ಸೀರೆ ಈಗ ಸೀರೆಯೇ.

ಕೂಡಿ ಮಾತಾಡಿ

1. ನಿಮ್ಮ ಬೋಟಿನಲ್ಲಿ ಒಂದು ಕೈ ದೂರದಲ್ಲಿ ಮೆಲ್ಲಗೆ ಮಾತಾಡಿದರೆ ಕೇಳುತ್ತದೆಯೇ?
2. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇದೆಯೇ? ಅವರ ಕೆಲಸ ಏನು?
3. ಈ ಮಳೆಗಾಲದಲ್ಲಿ ನಿಮ್ಮ ಬೋಟಿಗೆ ಮೊದಲು ಯಾವ ಕೆಲಸ ಮಾಡಿಸುತ್ತೀರಿ? ಬರೆಯಿರಿ.