ಸ್ತನ ಮರುರಚನೆಯ ನಂತರ: ಹಟ್ಟಿ, ತೋಟಕ್ಕೆ ಮರಳುವ ಮೊದಲು

ಸ್ತನ ಕ್ಯಾನ್ಸರಿನ ಆಪರೇಶನ್ ಮಾಡಿಸಿಕೊಂಡು ಮನೆಗೆ ಬಂದ ತಾಯಂದಿರನ್ನು ನೋಡಲು ನಾವೆಲ್ಲ ಹೋಗುತ್ತೇವೆ. ಹಣ್ಣು ಕೊಟ್ಟು, ಧೈರ್ಯ ಹೇಳಿ ಬರುತ್ತೇವೆ. ಆದರೆ ಅವರ ಮನಸ್ಸಿನಲ್ಲಿರುವ ಎರಡು ಪ್ರಶ್ನೆಗಳನ್ನು ಅವರೂ ಕೇಳುವುದಿಲ್ಲ, ನಾವೂ ಎತ್ತುವುದಿಲ್ಲ. ತೆಗೆದ ಸ್ತನವನ್ನು ಮತ್ತೆ ರೂಪಿಸಲು ಆಗುತ್ತದೆಯೇ? ಹಾಗೆ ಮಾಡಿಸಿಕೊಂಡ ಮೇಲೆ ಹಟ್ಟಿ, ತೋಟದ ಕೆಲಸ ಮಾಡಬಹುದೇ? ಹೆಚ್ಚಿನವರಿಗೆ ಎರಡೂ ಸಾಧ್ಯ. ಆದರೆ ಕೆಲವು ವಿಷಯಗಳನ್ನು ತಿಳಿದಿರಬೇಕು.

ಮರುರಚನೆಯಲ್ಲಿ ಮುಖ್ಯವಾಗಿ ಎರಡು ವಿಧ. ಒಂದು, ಸಿಲಿಕೋನಿನ ಚೀಲವನ್ನು ಒಳಗಿಡುವುದು. ಇನ್ನೊಂದು, ಬೆನ್ನಿನ ಅಥವಾ ಕೆಳಹೊಟ್ಟೆಯ ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯುವನ್ನೂ ತಂದು ಎದೆಯಲ್ಲಿ ಕೂರಿಸುವುದು. ಇಟಲಿಯ ವೈದ್ಯ ತಾನ್ಸೀನಿ 1906ರಲ್ಲೇ ಬೆನ್ನಿನ ಸ್ನಾಯು ಮತ್ತು ಚರ್ಮವನ್ನು ಇದಕ್ಕೆ ಬಳಸುವ ಕ್ರಮವನ್ನು ವಿವರಿಸಿದ್ದರು. ಸ್ತನ ತೆಗೆಯುವಾಗಲೇ ಇದನ್ನು ಮಾಡಿಸಬಹುದು, ತಿಂಗಳು, ವರ್ಷಗಳ ಮೇಲೂ ಮಾಡಿಸಬಹುದು. ರೇಡಿಯೇಶನ್ ಕೊಡುವುದಿದ್ದರೆ ಯಾವಾಗ, ಯಾವ ವಿಧ ಒಳ್ಳೆಯದೆಂದು ವೈದ್ಯರಲ್ಲಿ ಮೊದಲೇ ಕೇಳಬೇಕು. ಸಿಲಿಕೋನ್ ಚೀಲ ಆಯುಷ್ಯವಿಡೀ ಬಾಳುವಂಥದ್ದಲ್ಲ. ಸುತ್ತಲೂ ಗಟ್ಟಿಯಾದರೆ ಅಥವಾ ಒಡೆದರೆ ಮತ್ತೊಂದು ಆಪರೇಶನ್ ಬೇಕಾದೀತು.

ಇದು ಶೋಕಿಯಲ್ಲ, ಕಡ್ಡಾಯವೂ ಅಲ್ಲ. ಒಳ ಉಡುಪಿನಲ್ಲಿ ಮೆತ್ತೆ ಇಟ್ಟುಕೊಳ್ಳುವವರಿದ್ದಾರೆ, ಏನೂ ಬೇಡವೆಂದು ಹಾಗೇ ಇರುವವರೂ ಇದ್ದಾರೆ. ಗಂಡ, ಅತ್ತೆ, ಮಕ್ಕಳು ಮಾತಾಡಲಿ, ತೀರ್ಮಾನ ಮಾತ್ರ ಆಕೆಯದೇ ಆಗಿರಲಿ.

ಮಾಡಿಸಿಕೊಂಡವರು ನೆನಪಿಡಬೇಕಾದ ಮಾತುಗಳು:

1. ಭಾರ: ಸಾಮಾನ್ಯವಾಗಿ ಆರು ವಾರಗಳ ತನಕ ಕೊಡಪಾನ, ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ ಎತ್ತಬಾರದು. ಬಾವಿಯಿಂದ ನೀರು ಸೇದಲೂ ಬಾರದು. ಹೊಟ್ಟೆಯಿಂದ ಸ್ನಾಯು ತೆಗೆದಿದ್ದರೆ ಅಲ್ಲಿ ಉಬ್ಬಿಕೊಳ್ಳುವ ಭಯವಿದೆ. ವೈದ್ಯರು ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸಬೇಕು.

2. ಕೈ: ಆಸ್ಪತ್ರೆಯಲ್ಲಿ ಕಲಿಸಿದ ತೋಳಿನ ವ್ಯಾಯಾಮ ಬಿಡಬಾರದು, ಬಿಟ್ಟರೆ ಹೆಗಲು ಬಿಗಿಯುತ್ತದೆ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಊದಿಕೊಳ್ಳಬಹುದು. ಸೊಪ್ಪು ಕಡಿಯುವಾಗ, ಅಡಿಕೆ ಸುಲಿಯುವಾಗ ಕೈಗವಸು ಹಾಕಿಕೊಳ್ಳಿ. ಮುಳ್ಳು ಚುಚ್ಚಿದರೂ ಸಾಬೂನಿನಿಂದ ತೊಳೆಯಿರಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ.

3. ಬಿಸಿ: ಹೊಸ ಸ್ತನದಲ್ಲಿ ಸ್ಪರ್ಶಜ್ಞಾನ ಕಡಿಮೆ, ಕೆಲವರಿಗೆ ಇರುವುದೇ ಇಲ್ಲ. ಸುಟ್ಟರೂ ತಿಳಿಯುವುದಿಲ್ಲ. ಅಲ್ಲಿ ಬಿಸಿನೀರಿನ ಶಾಖ ಕೊಡಬೇಡಿ. ಹಂಡೆಯ ನೀರನ್ನು ಬೇರೆ ಕಡೆ ಮುಟ್ಟಿ ನೋಡಿಯೇ ಸ್ನಾನ ಮಾಡಿ.

4. ಹೊಗೆಸೊಪ್ಪು: ಎಲೆ‍ಅಡಿಕೆಯೊಡನೆ ಹಾಕುವ ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ರಕ್ತ ಸಾಲದೆ ಕೂರಿಸಿದ ಭಾಗವೇ ಸಾಯಬಹುದು. ಆಪರೇಶನಿಗೆ ಕೆಲವು ವಾರ ಮೊದಲೇ ಅದನ್ನು ಬಿಟ್ಟುಬಿಡಿ.

5. ಪರೀಕ್ಷೆ: ಮರುರಚನೆಯಿಂದ ಕ್ಯಾನ್ಸರ್ ಮರಳಿ ಬರುವುದಿಲ್ಲ. ಆದರೆ ಮರುರಚನೆ ಆಯಿತೆಂದು ತಪಾಸಣೆ ನಿಲ್ಲಿಸಬಾರದು. ಹೊಸ ಗಂಟು ಕಂಡರೆ ತೋರಿಸಿ, ಇನ್ನೊಂದು ಸ್ತನದ ಮ್ಯಾಮೋಗ್ರಾಂ ತಪ್ಪಿಸಬೇಡಿ.

ಕಾಸರಗೋಡಿನಿಂದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಮಂಗಳೂರಿಗೋ ಹೋಗುವ ನಮಗೆ ಇನ್ನೊಂದು ಕಷ್ಟ ಭಾಷೆಯದು. ಆಸ್ಪತ್ರೆಯ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಅಲ್ಲೇ ಓದಿಸಿ ಕೇಳಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳೋಣ. ತಿಳಿಯದೆ ತಲೆಯಾಡಿಸಿ ಬರುವುದು ಬೇಡ.

ಕೊನೆಗೆ ಮನೆಯ ಗಂಡಸರಿಗೆ ಒಂದು ಮಾತು. ನಮ್ಮ ಹೆಂಗಸರು ಹಸು ಕೂಗಿದರೆ ನೋವು ಮರೆತು ಏಳುವವರು. "ನೀನು ಕುಳಿತುಕೋ" ಎಂದರೆ ಮಾತ್ರ ಸಾಲದು. ನೀರು ಸೇದಿಡಿ, ಹಾಲು ಕರೆಯಿರಿ, ಹುಲ್ಲು ತನ್ನಿ. ಆಕೆ ಗುಣವಾಗುವುದರಲ್ಲಿ ನಿಮ್ಮ ಈ ದುಡಿಮೆಗೂ ಪಾಲಿದೆ.