ವೆಬ್ ಪುಟದ ವಿಳಾಸ ಬದಲಾದಾಗ: ತಪ್ಪು ಕಲ್ಪನೆ ಮತ್ತು ಸತ್ಯ

2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ಕಚೇರಿಯ ಹೆಸರು ಬದಲಾದರೆ ನಾಮಫಲಕ ಬದಲಿಸಿದರಾಯಿತು. ಜಾಲತಾಣದ ವಿಳಾಸ ಬದಲಾದರೆ ಅಷ್ಟು ಸಾಲದು. ಹಳೆಯ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಉಳಿದ ಕೊಂಡಿ ಒತ್ತಿದವರೂ ಹೊಸ ಪುಟ ತಲುಪಬೇಕು. ಆ ಕೆಲಸ ರಿಡೈರೆಕ್ಟ್‌ನದು. ಬರೆಯಲು ಒಂದೇ ಸಾಲು ಸಾಕಾದರೂ ಅದರ ಸುತ್ತ ತಪ್ಪು ತಿಳಿವಳಿಕೆ ಹಲವು.

ತಪ್ಪು ಕಲ್ಪನೆ: ಒಂದೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ರಿಡೈರೆಕ್ಟ್ ಒಂದೊಂದು ಬಗೆ.

ಸತ್ಯ: ಬರೆಯುವ ರೀತಿ ಬೇರೆ, ಹೊರಗೆ ಹೋಗುವ ಉತ್ತರ ಒಂದೇ. ಪಿಎಚ್‌ಪಿಯ ‘ಹೆಡರ್’, ಜಾವಾ ಸರ್ವ್‌ಲೆಟ್‌ನ ‘ಸೆಂಡ್‌ರಿಡೈರೆಕ್ಟ್’, ಪೈಥಾನ್‌ನ ಫ್ಲಾಸ್ಕ್‌ನಲ್ಲಿರುವ ‘ರಿಡೈರೆಕ್ಟ್’ ಮೂರೂ ಕಳಿಸುವುದು ಮೂರಂಕಿಯ ಒಂದು ಸಂಕೇತ ಮತ್ತು ‘ಲೊಕೇಶನ್’ ಎಂಬ ಸಾಲಿನಲ್ಲಿ ಹೊಸ ವಿಳಾಸ. ‘ಅಂಗಡಿ ಸ್ಥಳಾಂತರಗೊಂಡಿದೆ’ ಎಂಬ ಬೋರ್ಡಿನಂತೆ ಸರ್ವರ್ ವಿಳಾಸ ಹೇಳುತ್ತದೆ, ಅಷ್ಟೆ. ಅಲ್ಲಿಗೆ ಹೋಗುವುದು ಬ್ರೌಸರ್.

ತಪ್ಪು ಕಲ್ಪನೆ: ರಿಡೈರೆಕ್ಟ್ ಸಾಲು ಬಂದೊಡನೆ ಪ್ರೋಗ್ರಾಂ ನಿಲ್ಲುತ್ತದೆ.

ಸತ್ಯ: ಪಿಎಚ್‌ಪಿಯಲ್ಲಿ ನಿಲ್ಲುವುದಿಲ್ಲ. ಲಾಗಿನ್ ಆಗದವರನ್ನು ಲಾಗಿನ್ ಪುಟಕ್ಕೆ ಕಳಿಸುವ ಸಾಲಿನ ಕೆಳಗೆ ದಾಖಲೆ ಅಳಿಸುವ ಸಾಲಿದೆ ಎನ್ನಿ. ನಡುವೆ ‘ಎಕ್ಸಿಟ್’ ಬರೆಯದಿದ್ದರೆ ಬಳಕೆದಾರನಿಗೆ ಲಾಗಿನ್ ಪುಟ ಕಾಣುತ್ತದೆ, ದಾಖಲೆಯೂ ಅಳಿದಿರುತ್ತದೆ! ಜಾವಾದಲ್ಲೂ ‘ರಿಟರ್ನ್’ ಬೇಕು. ಫ್ಲಾಸ್ಕ್‌ನಲ್ಲಿ ‘ರಿಟರ್ನ್’ ಮರೆತರೆ ರಿಡೈರೆಕ್ಟೇ ಆಗದು.

ತಪ್ಪು ಕಲ್ಪನೆ: 301 ಆದರೇನು, 302 ಆದರೇನು, ಪುಟ ತೆರೆದರೆ ಸಾಕು.

ಸತ್ಯ: ಆ ಮೂರಂಕಿಯ ಸಂಕೇತಗಳಲ್ಲಿ 301 ಶಾಶ್ವತ, 302 ತಾತ್ಕಾಲಿಕ. 301 ಉತ್ತರವನ್ನು ಬ್ರೌಸರ್ ನೆನಪಿಟ್ಟುಕೊಳ್ಳಬಹುದು. ಹಾಗಾಗಿ ವಿಳಾಸ ತಪ್ಪಿದ್ದು ಆಮೇಲೆ ಸರ್ವರ್‌ನಲ್ಲಿ ತಿದ್ದಿದರೂ ಹಳೆಯ ಬಳಕೆದಾರರು ತಪ್ಪು ಪುಟಕ್ಕೇ ಹೋಗುತ್ತಿರಬಹುದು. ಮೇಲೆ ಹೇಳಿದ ಮೂರೂ ಫಂಕ್ಷನ್‌ಗಳು ಸಂಕೇತ ಸೂಚಿಸದಿದ್ದರೆ ಸಾಮಾನ್ಯವಾಗಿ 302 ಕಳಿಸುತ್ತವೆ. ಗೋ ಭಾಷೆಯ ‘ರಿಡೈರೆಕ್ಟ್’ಗೆ ಮಾತ್ರ ಸಂಕೇತವನ್ನು ಪ್ರೋಗ್ರಾಮರೇ ಕೊಡಬೇಕು.

ಅರ್ಜಿ ತುಂಬಿ ಕಳಿಸುವ ಪುಟಗಳಲ್ಲಿ ಇನ್ನೊಂದು ತೊಡಕಿದೆ. 301, 302 ಸಿಕ್ಕಾಗ ಬ್ರೌಸರ್‌ಗಳು ಮಾಹಿತಿ ಕಳಿಸುವ ‘ಪೋಸ್ಟ್’ ವಿನಂತಿಯನ್ನು ಪುಟವನ್ನಷ್ಟೇ ಕೇಳುವ ‘ಗೆಟ್’ ಮಾಡಿಬಿಡುತ್ತವೆ, ತುಂಬಿದ ಮಾಹಿತಿ ಹೊಸ ವಿಳಾಸಕ್ಕೆ ತಲುಪುವುದಿಲ್ಲ. ಮಾಹಿತಿ ಹಾಗೆಯೇ ಹೋಗಬೇಕಾದರೆ 307 ಅಥವಾ 308 ಬಳಸಬೇಕು. 308ಕ್ಕೆ ಮಾನದಂಡದ ರೂಪ ಸಿಕ್ಕಿದ್ದು 2015ರಲ್ಲಿ.

ತಪ್ಪು ಕಲ್ಪನೆ: ರಿಡೈರೆಕ್ಟ್ ಮಾಡಿದರೆ ಗೂಗಲ್‌ನಲ್ಲಿ ಪುಟದ ಬೆಲೆ ಕುಸಿಯುತ್ತದೆ.

ಸತ್ಯ: ಇಂಥ ರಿಡೈರೆಕ್ಟ್‌ಗಳಿಂದ ಪೇಜ್‌ರ‍್ಯಾಂಕ್ (ಕೊಂಡಿಗಳ ಆಧಾರದಲ್ಲಿ ಗೂಗಲ್ ಪುಟಕ್ಕೆ ಕೊಡುವ ಬೆಲೆ) ನಷ್ಟವಾಗದು ಎಂದು ಗೂಗಲ್‌ನವರೇ 2016ರಲ್ಲಿ ಹೇಳಿದ್ದಾರೆ.

ಜಾಲತಾಣ ಬದಲಿಸುವವರು ಮೊದಲು 302 ಹಾಕಿ, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಹಳೆಯ ಕೊಂಡಿಗಳನ್ನೆಲ್ಲ ಪರೀಕ್ಷಿಸಿ, ಎಲ್ಲವೂ ಸರಿಯಿದ್ದರೆ ಮಾತ್ರ 301ಕ್ಕೆ ಹೋಗುವುದು ಒಳ್ಳೆಯದು.