ಒಡಲೊಳಗಿನ ಕಲ್ಲು

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅದರ ನುಣುಪಾದ ಕಂಬಗಳನ್ನು ಕಂಡವರಿಗೆ, ಕಲ್ಲೂ ಆನಂದವನ್ನೀಯಬಲ್ಲುದೆಂದು ತೋರುವುದು. ಆದರೆ ಗೋದಿಯ ಕಾಳಿನಷ್ಟು ಸಣ್ಣ ಕಲ್ಲೊಂದು ಒಡಲೊಳಗೆ ಹುಟ್ಟಿದರೆ ಗಟ್ಟಿಮುಟ್ಟಾದ ಆಳನ್ನೂ ನೆಲಕ್ಕುರುಳಿಸಬಲ್ಲುದು. ಅದೇ ಮೂತ್ರಪಿಂಡದ ಕಲ್ಲು. ಆಯುರ್ವೇದವು ಇಂತಹ ಕಲ್ಲುಗಳನ್ನು ಅಶ್ಮರಿ ಎಂದು ಕರೆಯುತ್ತದೆ.

ಈ ಕಲ್ಲು ಹುಟ್ಟುವ ಬಗೆ ಹೇಗೆ? ಗಟ್ಟಿಯಾದ ಸಕ್ಕರೆಯ ಪಾಕದಲ್ಲಿ ಕಲ್ಲುಸಕ್ಕರೆಯ ಹರಳುಗಳು ಮೂಡುವುದನ್ನು ವಾಚಕರು ಬಲ್ಲರು. ಮೂತ್ರದಲ್ಲಿಯೂ ಕ್ಯಾಲ್ಸಿಯಂ, ಆಕ್ಸಲೇಟ್ ಮೊದಲಾದ ಲವಣಾಂಶಗಳು ಕರಗಿರುತ್ತವೆ. ಬಿಸಿಲಿನಲ್ಲಿ ದುಡಿದು ಬೆವರು ಸುರಿಸಿ, ಸಾಕಷ್ಟು ನೀರು ಕುಡಿಯದಿದ್ದರೆ ಮೂತ್ರವು ಗಾಢವಾಗಿ, ಅವು ಹರಳುಗಟ್ಟುತ್ತವೆ.

ಕಲ್ಲು ಮೂತ್ರಪಿಂಡದಲ್ಲಿ ಸುಮ್ಮನಿರುವವರೆಗೆ ಅನೇಕ ವೇಳೆ ಅದರ ಸುಳಿವೇ ಇರದು. ಅಲ್ಲಿಂದ ಮೂತ್ರಕೋಶಕ್ಕೆ ಹೋಗುವ ನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಒಳಗಲವಾದರೋ 3–4 ಮಿಲಿಮೀಟರ್ ಮಾತ್ರ. ಕಲ್ಲು ಇದರಲ್ಲಿ ಸಿಕ್ಕಿಕೊಂಡೊಡನೆ ನೋವು ತೊಡಗುವುದು. ಕಲ್ಲಿನ ಮೊನೆ ಚುಚ್ಚುವುದರಿಂದಲೇ ಈ ನೋವೆಂದು ಹಲವರ ನಂಬಿಕೆ. ಮುಖ್ಯ ಕಾರಣ ಅದಲ್ಲ. ದಾರಿ ಕಟ್ಟಿದ್ದರಿಂದ ಹಿಂದೆ ನಿಂತ ಮೂತ್ರವು ಮೂತ್ರಪಿಂಡವನ್ನು ಒಳಗಿನಿಂದ ಒತ್ತುತ್ತದೆ. ನಾಳದ ಸ್ನಾಯುಗಳು ಹಿಂಡಿಕೊಳ್ಳುತ್ತವೆ. ಆದುದರಿಂದಲೇ ನೋವು ಬೆನ್ನಿನ ಪಕ್ಕದಿಂದ ತೊಡೆಯ ಸಂದಿಯವರೆಗೆ ಅಲೆಯಲೆಯಾಗಿ ಹರಿಯುವುದು. ರೋಗಿಗೆ ಮಲಗಿದರೂ ನೆಮ್ಮದಿಯಿಲ್ಲ, ಎದ್ದರೂ ನೆಮ್ಮದಿಯಿಲ್ಲ. ವಾಂತಿಯಾಗುವುದೂ, ಮೂತ್ರದಲ್ಲಿ ರಕ್ತ ಕಾಣುವುದೂ ಉಂಟು.

ಆಗ ಮಾಡತಕ್ಕದ್ದೇನು? ಕೊಡಗಟ್ಟಲೆ ನೀರು ಕುಡಿದು ಕಲ್ಲನ್ನು ತಳ್ಳಿಬಿಡುವೆನೆಂಬುದು ಸರಿಯಲ್ಲ. ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ವೈದ್ಯರಲ್ಲಿಗೆ ಹೋಗಿ ನೋವಿಗೆ ಔಷಧ ಪಡೆಯಬೇಕು. ಕರುಳುಬಾಲದ ಉರಿಯೂತದಂತಹ ಬೇರೆ ರೋಗಗಳೂ ಹೊಟ್ಟೆನೋವನ್ನು ತರುವುದರಿಂದ ಪರೀಕ್ಷೆ ಅವಶ್ಯ. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರವೇ ನಿಂತರೆ, ಅಥವಾ ರೋಗಿಗೆ ಒಂದೇ ಮೂತ್ರಪಿಂಡವಿದ್ದರೆ ಗಳಿಗೆಯೂ ತಡಮಾಡಬಾರದು. ಕಟ್ಟಿನಿಂತ ಮೂತ್ರಕ್ಕೆ ಸೋಂಕು ತಗಲಿದರೆ ಪ್ರಾಣಕ್ಕೇ ಅಪಾಯ. ಬಸ್ತಿಹಳ್ಳಿಯಂತಹ ಊರಿನವರು ಸುಮಾರು 30 ಕಿಲೋಮೀಟರ್ ದೂರದ ಹಾಸನಕ್ಕೆ ರಾತ್ರಿಯಾದರೂ ಹೊರಡುವುದೇ ಲೇಸು.

5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. ಮೂತ್ರವನ್ನು ತೆಳುಬಟ್ಟೆಯಲ್ಲಿ ಸೋಸಿ ಕಲ್ಲನ್ನು ಹಿಡಿದಿಟ್ಟರೆ, ಅದು ಯಾವ ಜಾತಿಯದೆಂದು ಪರೀಕ್ಷಿಸಬಹುದು. ದೊಡ್ಡ ಕಲ್ಲನ್ನು ನಾಳದೊಳಗೆ ಸಣ್ಣ ದೂರದರ್ಶಕವನ್ನು ತೂರಿಸಿ ಒಡೆಯುವರು. ಅಥವಾ 1980ರಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲಾದ ಕ್ರಮದಂತೆ, ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಪುಡಿಮಾಡುವರು.

ಒಮ್ಮೆ ಬಂದ ಕಲ್ಲು ಮರುಕಳಿಸುವ ಸ್ವಭಾವದ್ದು. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರವಾಗುವಂತೆ ನೀರು ಕುಡಿಯುವುದೂ, ಉಪ್ಪನ್ನು ತಗ್ಗಿಸುವುದೂ ಉತ್ತಮ ರಕ್ಷಣೆ. ನಿಂಬೆಯ ಪಾನಕವೂ ಹಿತಕರ; ಅದರಲ್ಲಿನ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಹಾಲು ಮೊಸರನ್ನು ಬಿಡಬೇಕಾಗಿಲ್ಲ. ಅವುಗಳ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುವುದು. ಬಾಳೆದಿಂಡಿನ ಪಲ್ಯ ಒಳ್ಳೆಯ ಆಹಾರವೇ; ಆದರೆ ಅದು ಕಲ್ಲನ್ನು ಕರಗಿಸೀತೆಂದು ನಂಬಿ ಚಿಕಿತ್ಸೆಯನ್ನು ಮುಂದೂಡಬಾರದು.